ದಲಂದಾ ವೀಸಾ ಕೇಳಲು ಹೋದ ದಿನ

ಬೆಳಗಿನ ಬಾಂಗ್ ಕೂಗುವುದರೊಳಗೆ ದಲಂದಾ ಅತ್ತೆಯ ಮೊಣಕಾಲಿಗೆ ಬಿಸಿ ಆಲಿವ್ ಎಣ್ಣೆ ತಿಕ್ಕಿ ಉಣ್ಣೆಯ ಪಟ್ಟಿ ಸುತ್ತಿದ್ದಳು. ರೊಟ್ಟಿಯ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದಳು. ಬಟಾಣಿ ಸುಲಿದು ಮಧ್ಯಾಹ್ನದ ಸಾರನ್ನು ಒಲೆಗೇರಿಸಿದ್ದಳು. ಅಂಗಳ ಗುಡಿಸಿ, ನೆರಳಿನಲ್ಲಿ ಹಾಸಿದ್ದ ಬಿಳಿ ಚಾದರಗಳ ಬಳಿ ಕುಕ್ಕರಗಾಲಲ್ಲಿ ಕೂತು, ಕಹಿ ಕಿತ್ತಳೆಯ ಹೂವನ್ನು ಕೆಳಗಿನದು ಮೇಲಾಗುವಂತೆ ತಿರುವಿ ಹಾಕಿದ್ದಳು. ನಡುವೆ ಸಿಕ್ಕ ಎಲೆ, ಕಡ್ಡಿ ಆರಿಸಿ ತೆಗೆದಿದ್ದಳು. ಬಾವಿಯಿಂದ ಸೇದಿ ಡ್ರಮ್ ತುಂಬಿಸಿದ್ದಳು. ಕತ್ತಾರನ್ನು, ಅಂದರೆ ಹೂನೀರು ಇಳಿಸುವ ತಾಮ್ರದ ಭಟ್ಟಿಪಾತ್ರೆಯನ್ನು, ಬೂದಿ ನಿಂಬೆ ಹಾಕಿ ಉಜ್ಜಿದ್ದಳು. ಹಬೆ ಸೋರದಂತೆ ಅದರ ಕೀಲು ಮುಚ್ಚಲು ಹಳೆಯ ಅಂಗಿ ಹರಿದು ಪಟ್ಟಿ ಮಾಡಿ, ಮೈದಾ ಹಿಟ್ಟಿನ ಅಂಟು ಕಲಸಿದ್ದಳು. ಸೌದೆಯನ್ನು ಬೆರಳು ಗಾತ್ರಕ್ಕೆ ಸೀಳಿದ್ದಳು, ಏಕೆಂದರೆ ಹೂವಿಗೆ ದೊಡ್ಡ ಬೆಂಕಿ ಆಗುವುದಿಲ್ಲ. ಗಂಡನ ಅಂಗಿಯಿಂದ ಬಿದ್ದುಹೋಗಿದ್ದ ಗುಂಡಿಯನ್ನೂ ಹೊಲಿದಿಟ್ಟಿದ್ದಳು.

ಇವೆಲ್ಲ ನಮ್ಮ ಓಣಿಯ ಯಾವ ಹೆಂಗಸಿನ ಬೆಳಗಿನಲ್ಲೂ ಇರುವಂಥವೇ. ಆ ದಿನಕ್ಕೆ ಮಾತ್ರ ಸೇರಿಕೊಂಡಿದ್ದ ಕೆಲಸ ಒಂದಿತ್ತು. ಅವಳು ರಾಜಧಾನಿ ಟೂನಿಸ್‌ಗೆ ಹೋಗಿ ಇಟಲಿಯ ವೀಸಾ ಕಚೇರಿಯ ಗಾಜಿನ ಮುಂದೆ ನಿಲ್ಲಬೇಕಿತ್ತು. ಸರದಿ ಸಿಕ್ಕಿದ್ದು ಅದೊಂದು ದಿನ. ತಪ್ಪಿದರೆ ಇಟಲಿಯ ಮಾತು ಅಲ್ಲಿಗೆ ಮುಗಿಯಿತು.

ದಲಂದಾಳನ್ನು ಬಲ್ಲವರಿಗೆ ಅವಳ ಪ್ರಶ್ನೆಗಳೂ ಗೊತ್ತು. ತರಕಾರಿಯವನನ್ನು ಕೇಳುತ್ತಾಳೆ: ಈ ಪಲ್ಲೆಹೂವಿನ ಮುಳ್ಳು ಯಾಕೆ ಒಳಗೆ ಬಾಗಿದೆ? ವೈದ್ಯರನ್ನು ಕೇಳುತ್ತಾಳೆ: ನೋವು ಮಧ್ಯಾಹ್ನ ಎಲ್ಲಿಗೆ ಹೋಗಿರುತ್ತೆ? ಎರಡು ವರ್ಷದ ಹಿಂದೆ ನಮ್ಮೂರು ನಾಬೆಲ್‌ನ ಮಹಿಳಾ ಸಂಘದ ಇನ್ಸಾಫ್, ಇಟಲಿಯ ಓರ್ಸೊಲಾ ಎಂಬವಳನ್ನು ದಲಂದಾಳ ಅಂಗಳಕ್ಕೆ ಕರೆದುಕೊಂಡು ಬಂದಳು. ಓರ್ಸೊಲಾಳ ಊರಿನಲ್ಲೂ ಇದೇ ಹೂ, ಇದೇ ತಿಂಗಳು, ಇಂಥದೇ ತಾಮ್ರ. ದಲಂದಾ ಎಲೆ ಆರಿಸಿ ಎಸೆಯುವುದನ್ನು ನೋಡಿ ಅವಳು ನಕ್ಕುಬಿಟ್ಟಳು. ನಮ್ಮಲ್ಲಿ ಒಂದು ಹಿಡಿ ಎಲೆಯನ್ನೂ ಹಾಕುತ್ತೇವೆ ಎಂದಳು.

ಎಲೆ ಹಾಕಿದರೆ ನೀರು ಕಹಿಯಾಗುತ್ತದೆಂದು ದಲಂದಾಗೆ ಅತ್ತೆ ಕಲಿಸಿದ್ದರು, ಅತ್ತೆಗೆ ಅವರ ಅತ್ತೆ. ಯಾರೂ ಹಾಕಿ ನೋಡಿರಲಿಲ್ಲ. "ಹಾಕಿದ್ರೂ ಆ ಊರೋರು ಬದುಕಿದ್ದಾರಲ್ಲ ಉಮ್ಮಿ," ಎಂದು ದಲಂದಾ ಅತ್ತೆ ಮನ್ನೂಬಿಯಾಗೆ ಆ ರಾತ್ರಿಯೇ ಹೇಳಿದ್ದಳು. ಆಮೇಲೆ ತಿಂಗಳುಗಟ್ಟಲೆ ಬೇರೆ ಬೇರೆ ಪ್ರಶ್ನೆಗಳು ಅವಳ ತಲೆಯಲ್ಲಿ ಬೆಳೆದವು. ಅಲ್ಲಿ ಹಬೆಯನ್ನು ನೀರಾಗಿಸುವ ತಣ್ಣೀರು ಬದಲಾಯಿಸುವವರು ಯಾರು? ಕೀಲಿಗೆ ಏನು ಅಂಟಿಸುತ್ತಾರೆ? ಹೂನೀರನ್ನು ಕಾಫಿಗೆ ಹಾಕುತ್ತಾರೋ, ಮಗುವಿನ ಹೊಟ್ಟೆನೋವಿಗೆ ಕೊಡುತ್ತಾರೋ? ಈ ಸಲ ಸಂಘದವರು ಎರಡೂ ಊರುಗಳ ನಡುವೆ ವಿನಿಮಯ ಏರ್ಪಡಿಸಿ, ಇಲ್ಲಿಂದ ಒಬ್ಬಳು ಹದಿನೈದು ದಿನ ಅಲ್ಲಿಗೆ, ಅಲ್ಲಿಂದ ಒಬ್ಬಳು ಇಲ್ಲಿಗೆ ಎಂದಾಗ, ದಲಂದಾ ಯಾರನ್ನೂ ಕೇಳದೆ ಹೂಂ ಎಂದಿದ್ದಳು. ಕೇಳಿದ್ದು ಆಮೇಲೆ.

"ಹದಿನೈದು ದಿನಾನಾ?" ಎಂದ ಗಂಡ ಖಮೈಸ್. "ಹಾಗಾದ್ರೆ ಊಟ?"

"ನಾನು ಹಜ್‌ಗೆ ಹೋದಾಗ ನಿನ್ನ ಮಾವ ಒಲೆ ಹತ್ತಿಸಲಿಲ್ಲ," ಎಂದರು ಮನ್ನೂಬಿಯಾ ಸೊಸೆಗೆ. "ಅಕ್ಕಪಕ್ಕದೋರು ಕಳಿಸಿದ್ದನ್ನ ತಿಂದು ಎರಡು ಸುತ್ತು ದಪ್ಪ ಆಗಿದ್ರು. ಆದ್ರೆ ಅದು ಹಜ್. ಇದು ಎಲೆ ನೋಡೋಕೆ."

ಪಾಸ್‌ಪೋರ್ಟಾಯಿತು, ಫೋಟೊ ಆಯಿತು, ಆಮಂತ್ರಣ ಬಂತು. ಅರ್ಜಿಯಲ್ಲಿ ಉದ್ಯೋಗ ಎಂದಿದ್ದ ಕಡೆ ಇನ್ಸಾಫ್ ಏನು ಬರೆಯಲಿ ಎಂದು ಕೇಳಿದಳು. ಖಮೈಸ್ ಪಕ್ಕದಿಂದಲೇ, "ಇಲ್ಲ ಅಂತ ಬರಿ," ಎಂದ. ಬರೆದರು. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ, ದಲಂದಾಗೂ.

ಎಡವಟ್ಟಾದದ್ದು ಗಾಳಿಯಿಂದ. ವೀಸಾದ ಸರದಿಗೆ ಎರಡು ದಿನ ಮೊದಲು ದಕ್ಷಿಣದ ಬಿಸಿಗಾಳಿ ಬೀಸಿ, ಇನ್ನೂ ವಾರವಿದೆ ಎಂದುಕೊಂಡಿದ್ದ ಮೊಗ್ಗೆಲ್ಲ ಒಮ್ಮೆಗೇ ಬಿರಿಯಿತು. ಸರದಿಯ ಹಿಂದಿನ ದಿನ ಓಣಿಯ ಮನೆಮನೆಯಿಂದ ಹೂವಿನ ಗಂಟುಗಳು ದಲಂದಾಳ ಅಂಗಳಕ್ಕೆ ಬಂದವು, ನನ್ನದೂ ಸೇರಿ. ಪ್ರತಿ ವಸಂತದಲ್ಲೂ ನಮ್ಮ ಹೂವನ್ನು ಅವಳೇ ಇಳಿಸಿಕೊಡುವುದು. ಅವಳ ಕೈ ಒಳ್ಳೆಯದು ಎನ್ನುತ್ತೇವೆ. ಸೀಸೆ ಒಯ್ಯುವಾಗ, ದೇವರು ನಿನಗೆ ಆರೋಗ್ಯ ಕೊಡಲಿ ಎನ್ನುತ್ತೇವೆ. ಅಷ್ಟೇ ಕೊಡುವುದು. ಕಿತ್ತ ಹೂ ಕಾಯುವುದಿಲ್ಲ. ಚಾದರದಲ್ಲಿ ಬೆವರಿ, ಕಂದಿ, ಮರುದಿನ ಸಂಜೆಗೆ ಹುಳಿ ವಾಸನೆ ಹಿಡಿಯುತ್ತದೆ.

ಹೀಗಾಗಿ ಆ ಬೆಳಿಗ್ಗೆ ಕತ್ತಾರಿನ ಮುಂದೆ ಖಮೈಸ್ ಕೂರಬೇಕಾಯಿತು. ಅವನು ಕುಂಬಾರರ ಆವಿಗೆಗೆ ಬೆಂಕಿ ಹಾಕುವ ಕೆಲಸ ಮಾಡಿ ನಿವೃತ್ತನಾದವನು. ಮಡಿಕೆ ಬೇಯಿಸುವ ಬೆಂಕಿ ಎಂದರೆ ಬೆಂಕಿ. ಅದರ ಗರ್ವ ಅವನಿಗೆ ಇನ್ನೂ ಇತ್ತು.

"ಮೇಲಿನ ಬೋಗುಣಿ ನೀರು ಬೆಚ್ಚಗಾದ ತಕ್ಷಣ ಬದಲಾಯಿಸು. ಸೌದೆ ಒಂದೊಂದೇ ಹಾಕು," ಎಂದಳು ದಲಂದಾ, ಮೈತುಂಬ ಹೊದೆಯುವ ಬಿಳಿಯ ಸಫ್ಸಾರಿ ಬೇಡವೆಂದು ಮಡಿಸಿಟ್ಟು ಕೋಟು ತೊಡುತ್ತ. "ಎದ್ದು ಹೋಗ್ಬೇಡ."

"ಬೆಂಕಿ ಹತ್ರ ಕೂತ್ಕೊಳ್ಳೋದು ತಾನೆ? ನನಗೆ ಬೆಂಕಿ ಹೇಳಿಕೊಡ್ತಾಳೆ ನೋಡು ಉಮ್ಮಾ."

"ನೋಡ್ತಾ ಇದೀನಿ," ಎಂದರು ಮನ್ನೂಬಿಯಾ ಮಂಚದಿಂದ. "ಅದಕ್ಕೇ ಹೆದರಿಕೆ."

ವೀಸಾ ಕಚೇರಿಯ ಹೊರಗೆ ಗೋಡೆಯುದ್ದಕ್ಕೂ ಸಾಲು. ದಲಂದಾ ಪ್ಲಾಸ್ಟಿಕ್ ಕಡತವನ್ನು ಎದೆಗವಚಿಕೊಂಡು, ಮುಂದಿದ್ದ ಹೆಂಗಸಿಗೆ ಎಲ್ಲಿಗೆ, ಯಾಕೆ, ಯಾರಿದ್ದಾರೆ ಎಂದು ಕೇಳಿ ಮುಗಿಸಿದ್ದಳು. ಅವಳು ಸೂಸ್‌ನವಳು, ಕಪ್ಪು ಕನ್ನಡಕ. ತಂಗಿಯ ಬಾಣಂತನಕ್ಕೆ ಹೊರಟಿದ್ದಳು. ಅಷ್ಟರಲ್ಲಿ ದಲಂದಾಳ ಫೋನ್ ಹೊಡೆದುಕೊಂಡಿತು.

"ನೀರು ಬೆಚ್ಚಗಾಗಿದೆ," ಎಂದ ಖಮೈಸ್. "ಬೆಚ್ಚಗೆ ಅಂದ್ರೆ ಎಷ್ಟು ಬೆಚ್ಚಗೆ?"

"ಕೈ ಅದ್ದಿ ನೋಡು."

"ಅದ್ದಿದೀನಿ. ಆವಿಗೆ ಕೆಲಸದವನ ಕೈ ಇದು, ಏನೂ ಗೊತ್ತಾಗಲ್ಲ."

"ಹಾಗಾದ್ರೆ ಉಮ್ಮಿ ಕೈ ಅದ್ದಿಸು."

"ಅವಳು ಮಂಚದಿಂದ ಇಳಿಯಲ್ಲ ಅಂತಾಳೆ."

"ಬೋಗುಣೀನ ಅವರ ಹತ್ರ ತಗೊಂಡು ಹೋಗೋಕಾಗಲ್ಲ ಖಮೈಸ್, ಅದು ಕತ್ತಾರಿಗೆ ಅಂಟಿಕೊಂಡೇ ಇರೋದು. ಬದಲಾಯಿಸಿಬಿಡು."

ಕಪ್ಪು ಕನ್ನಡಕದವಳು ಹತ್ತಿರ ಬಗ್ಗಿದಳು. "ಗಂಡಸರ ಕೈ ಕೇಳ್ಬೇಡಿ ಖಾಲ್ತಿ, ನೇರ ಬದಲಾಯಿಸೋಕೆ ಹೇಳಿ."

"ಹೂನೀರಾ?" ಎಂದ ಹಿಂದಿದ್ದ ಮುದುಕ. "ನಾಬೆಲ್‌ನವರಾ? ನಮ್ಮನೇಲಿ ನೀರು ಬದಲಾಯಿಸೋದು ನಾನೇ."

"ಯಾವಾಗ?" ಎಂದಳು ಕನ್ನಡಕದವಳು.

"ಅವಳು ಹೇಳಿದಾಗ."

ಸಾಲಿಗೆ ಸಾಲೇ ನಕ್ಕಿತು. ಮತ್ತೆ ಫೋನ್ ಬಂತು. ಮೊದಲ ಹನಿ ಯಾವಾಗ ಬರುತ್ತೆ? ಇನ್ನೊಮ್ಮೆ: ಕೀಲಿನಿಂದ ಹಬೆ ಬರ್ತಿದೆ, ಬರ್ಬೇಕಾ? ಹಬೆಗೆ ಅಂಟು ಮೆತ್ತು ಎಂದು ದಲಂದಾ ಹೇಳುವಷ್ಟರಲ್ಲಿ ಬಾಗಿಲ ಕಾವಲುಗಾರ ಕೈ ಚಾಚಿದ. ಫೋನ್ ಆರಿಸಿ ಅವನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಆರಿಸಿದಳು. ಎದ್ದಾಗಿನಿಂದ ಯಾರೂ ಅವಳನ್ನು ಏನೂ ಕೇಳದ ಮೊದಲ ಗಳಿಗೆ ಅದು. ಕಿವಿ ಖಾಲಿಯಾದಂತೆನಿಸಿತು.

ಗಾಜಿನ ಆಚೆ ಇದ್ದದ್ದು ನಡುವಯಸ್ಸಿನ ಅಧಿಕಾರಿಣಿ. ಅರಬಿ ಮಾತಾಡುತ್ತಿದ್ದಳು, ಪುಸ್ತಕ ಓದಿ ಕಲಿತವರ ಹಾಗೆ ನಿಧಾನವಾಗಿ. ಕಾಗದಗಳನ್ನು ನೋಡಿ ತಲೆಯಾಡಿಸಿದಳು. ಎಲ್ಲ ಸರಿಯಿತ್ತು.

"ಅಲ್ಲಿ ಎಲ್ಲಿ ಇರ್ತೀರಿ?"

"ಓರ್ಸೊಲಾ ಮನೇಲಿ."

"ಇರೋ ಹದಿನೈದು ದಿನದಲ್ಲಿ ಏನಾದ್ರೂ ಕೆಲಸ ಮಾಡ್ತೀರಾ?"

ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಒಬ್ಬರ ಮನೆಗೆ ಹೋದ ಹೆಂಗಸು ಎರಡನೆಯ ದಿನದ ಬೆಳಿಗ್ಗೆ ತೋಳು ಮಡಚಿ ಅಡುಗೆಮನೆಗೆ ಇಳಿಯದಿದ್ದರೆ, ಅವಳನ್ನು ಹೆತ್ತವರ ಮಾತು ಬರುತ್ತದೆ. ದಲಂದಾ ಬೆನ್ನು ನೆಟ್ಟಗೆ ಮಾಡಿದಳು.

"ಮಾಡದೆ ಇರ್ತೀನಾ? ಒಬ್ಬರ ಮನೆ ರೊಟ್ಟಿ ತಿಂದು ಕೈಕಟ್ಟಿ ಕೂರೋಳಲ್ಲ ನಾನು."

"ಎಂಥ ಕೆಲಸ?"

"ಬೆಳಿಗ್ಗೆ ರೊಟ್ಟಿ ಸುಡ್ತೀನಿ. ಪಾತ್ರೆ, ನೆಲ, ಬಟ್ಟೆ. ಓರ್ಸೊಲಾ ತಾಯಿ ಹಾಸಿಗೆ ಹಿಡಿದಿದ್ದಾರಂತೆ. ಮುದುಕರಿಗೆ ಎಣ್ಣೆ ಹಚ್ಚೋದು, ಸ್ನಾನ ಮಾಡಿಸೋದು, ಹೊರಳಿಸೋದು ನನಗೆ ಚೆನ್ನಾಗಿ ಬರುತ್ತೆ. ಮನೇಲೂ ಅದೇ ಮಾಡೋದು."

ಅಧಿಕಾರಿಣಿಯ ಬೆರಳು ಕೀಲಿಮಣೆಯ ಮೇಲೆ ನಿಂತಿತು.

"ಆ ತಾಯೀನ ನೋಡ್ಕೊಳ್ಳೋಕೆ ನಿಮ್ಮನ್ನ ಕರೆಸ್ತಿದ್ದಾರಾ?"

"ಕರೆಸೋದೇನು? ಮನೇಲಿ ಮುದುಕಿ ಇದ್ರೆ ನೋಡ್ಕೊಳ್ಳೋಕೆ ಕರೆಯೋಲೆ ಬೇಕಾ?"

"ಸಂಬಳ?"

"ಕೊಟ್ರೆ ಆ ಮನೆ ಹೊಸಿಲು ತುಳಿಯಲ್ಲ."

ಅಧಿಕಾರಿಣಿ ಹಾಳೆ ಹಿಂದಕ್ಕೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನಿಟ್ಟಳು. "ಇಲ್ಲಿ ಉದ್ಯೋಗ ಇಲ್ಲ ಅಂತಿದೆ."

"ಹೌದು, ಇಲ್ಲ."

"ಈಗ ಹೇಳಿದ್ದನ್ನೆಲ್ಲ ಮನೇಲೂ ಮಾಡ್ತೀನಿ ಅಂದ್ರಲ್ಲ."

"ಅದು ಉದ್ಯೋಗ ಅಲ್ವಲ್ಲ."

"ನಮ್ಮ ದೇಶದಲ್ಲಿ ಅದು ಉದ್ಯೋಗ, ಲಲ್ಲಾ ದಲಂದಾ. ಮುದುಕರನ್ನ ನೋಡ್ಕೊಳ್ಳೋಕೆ ದೂರದೂರದಿಂದ ಹೆಂಗಸರು ಬರ್ತಾರೆ. ಅದಕ್ಕೆ ಬೇರೆ ವೀಸಾ, ಬೇರೆ ಕಾನೂನು. ನೀವು ಕೇಳಿರೋದು ಸಾಂಸ್ಕೃತಿಕ ವಿನಿಮಯಕ್ಕೆ. ಇಲ್ಲಿ ಕೆಲಸ ಇಲ್ಲದೋರು ಅಲ್ಲಿ ಹೋಗಿ ಕೆಲಸ ಮಾಡ್ತೀನಿ ಅಂದ್ರೆ ನಾನು ಹೇಗೆ ಓದ್ಲಿ?"

ದಲಂದಾ ಗಾಜಿನ ಮೂಲಕ ಆ ಹಾಳೆಯನ್ನೇ ನೋಡಿದಳು. ಇಷ್ಟು ವರ್ಷ ಮಾಡಿದ್ದಕ್ಕೆ ಇಲ್ಲಿ ಹೆಸರಿಲ್ಲ. ಸಮುದ್ರ ದಾಟಿದರೆ ಅದಕ್ಕೆ ಕಾನೂನೇ ಇದೆ. ಅವಳಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಯಿತು. ಯಾವ ಅಲೆಯ ಹತ್ತಿರ ಇದು ಬದಲಾಗುತ್ತೆ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.

"ಈಗ ಏನು ಮಾಡ್ಬೇಕು?"

"ಒಂದು ಹೇಳಿಕೆ ಬರೆದು ಕೊಡಿ. ನಿಮ್ಮ ಕೈಯಲ್ಲೇ, ನಿಮ್ಮ ಮಾತಲ್ಲೇ. ಅಲ್ಲಿದ್ದಷ್ಟು ದಿನ ಯಾವ ಕೆಲಸಾನೂ ಮಾಡಲ್ಲ ಅಂತ. ಹೂನೀರು ಇಳಿಸಿ ತೋರಿಸೋದು ಕಾರ್ಯಕ್ರಮದಲ್ಲೇ ಇದೆ, ಅದು ಸರಿ. ಮನೆಗೆಲಸ, ಮುದುಕಿ ಸೇವೆ, ಅದ್ಯಾವುದೂ ಇಲ್ಲ."

"ಯಾವುದೂ?"

"ಯಾವುದೂ."

"ನಾನು ಮಲಗಿದ ಹಾಸಿಗೆ ಮಡಿಸಬಹುದಾ?"

"ಮಡಿಸಬಹುದು."

"ಕುಡಿದ ಬಟ್ಟಲು ತೊಳೀಬಹುದಾ?"

"ನಿಮ್ಮದು ತೊಳೀರಿ."

"ಪಕ್ಕದಲ್ಲಿ ಓರ್ಸೊಲಾ ಬಟ್ಟಲೂ ಇದ್ರೆ?"

ಅಧಿಕಾರಿಣಿ ತುಟಿ ಕಚ್ಚಿಕೊಂಡಳು. "ಅದನ್ನ ಅಲ್ಲೇ ಬಿಟ್ಟುಬಿಡಿ."

"ಮುದುಕಿ ನೀರು ಕೇಳಿದ್ರೆ?"

ಇದಕ್ಕೆ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನೀರು ಕೊಡಿ. ಯಾವ ಅತಿಥಿಯಾದ್ರೂ ಕೊಡ್ತಾರೆ."

"ಇದನ್ನ ಬರೆದು ಕೊಟ್ರೆ ವೀಸಾ ಸಿಗುತ್ತಾ?"

"ಅದು ನನ್ನೊಬ್ಬಳ ಕೈಲಿಲ್ಲ. ಕೊಡದಿದ್ರೆ ಸಿಗಲ್ಲ, ಅಷ್ಟು ಹೇಳಬಲ್ಲೆ. ಈಗ ಊಟಕ್ಕೆ ಮುಚ್ತೀವಿ. ಎರಡು ಗಂಟೆಗೆ ತೆರೆದಾಗ ತಂದುಕೊಡಿ. ಇವತ್ತೇ ಕಡತ ಮೇಲಕ್ಕೆ ಹೋಗುತ್ತೆ."

ಅವಳು ಒಂದು ಬಿಳಿ ಹಾಳೆಯನ್ನು ಗಾಜಿನ ಕಂಡಿಯಿಂದ ಈಚೆ ತಳ್ಳಿದಳು.

ಹೊರಗಿನ ಅಂಗಳದಲ್ಲಿ ಒಂದು ಕಲ್ಲುಬೆಂಚು. ದಲಂದಾ ಫೋನ್ ಹಚ್ಚಿದ್ದೇ ತಡ, ಅದು ಕೈಯಲ್ಲಿ ಅದುರಿತು.

"ಎಲ್ಲಿ ಸತ್ತಿದ್ದೆ?" ಎಂದ ಖಮೈಸ್. ಅವನ ದನಿಯಲ್ಲಿ ಕೋಪಕ್ಕಿಂತ ಗಾಬರಿ ಇತ್ತು. "ಬೆಂಕಿ ಸಣ್ಣ ಆಯ್ತು ಅಂತ ಸ್ವಲ್ಪ ಸೌದೆ ಜಾಸ್ತಿ ಹಾಕ್ದೆ. ಎಲ್ಲಾ ತಳ ಹಿಡಿದುಬಿಟ್ಟಿದೆ. ಸೀದ ಸಕ್ಕರೆ ವಾಸನೆ."

"ಸ್ವಲ್ಪ ಅಂದ್ರೆ?"

"ಆವಿಗೆ ಲೆಕ್ಕದಲ್ಲಿ ಸ್ವಲ್ಪ."

ಫೋನನ್ನು ಮನ್ನೂಬಿಯಾ ಕಸಿದುಕೊಂಡರು. "ಮಗಳೇ, ನಿನ್ನ ಗಂಡ ತಾಮ್ರಕ್ಕೆ ಬೆಂಕಿ ಇಟ್ಟ. ಮಡಿಕೆ ಬೇಯಿಸಿದ ಹಾಗೆ ಹೂ ಬೇಯಿಸಿದ. ಇನ್ನೂ ಎರಡು ಚಾದರ ಹಾಗೇ ಬಿದ್ದಿದೆ, ಆಗಲೇ ಬೆವರ್ತಾ ಇದೆ. ನಿನ್ನ ಕೆಲಸ ಮುಗೀತಲ್ಲ, ಹೊರಟು ಬಾ."

"ಮುಗಿದಿಲ್ಲ ಉಮ್ಮಿ. ಎರಡು ಗಂಟೆವರೆಗೆ ಕಾಯ್ಬೇಕು."

"ಕಾದ್ರೆ ಸಾಯಂಕಾಲ ಆಗುತ್ತೆ. ಅಷ್ಟೊತ್ತಿಗೆ ಹೂ ಇರಲ್ಲ. ಓಣಿಯೋರ ಹೂವಮ್ಮ, ನಮ್ಮದಲ್ಲ. ನಾಳೆ ಅವರ ಮುಖ ನೋಡೋದು ನಾವು."

ಅದು ಸುಳ್ಳಲ್ಲ. ಈಗಲೇ ಲುವಾಜ್ ವ್ಯಾನು ಹತ್ತಿದರೆ ಊಟದ ಹೊತ್ತು ದಾಟುವುದರೊಳಗೆ ಮನೆ. ಪಾತ್ರೆ ಉಜ್ಜಿ, ಒಂದು ಚಾದರದ ಹೂವನ್ನಾದರೂ ಉಳಿಸಬಹುದು. ಯಾವ ಗಂಟು ಯಾರದು ಎಂದು ಅವಳಿಗೆ ಕಣ್ಣುಮುಚ್ಚಿ ಗೊತ್ತಿತ್ತು. ಒಂದರಲ್ಲಿ ಹೊಸ ಬಾಣಂತಿಯ ಮನೆಯ ಹೂವಿತ್ತು, ಮಗುವಿಗೆಂದು ಕೇಳಿಕೊಂಡಿದ್ದರು.

ಖಮೈಸ್ ಮತ್ತೆ ಫೋನಿಗೆ ಬಂದ. "ನಾನಂತೂ ಇನ್ನು ಅದರ ಮುಂದೆ ಕೂರಲ್ಲ. ಇಟಲಿ ಮುಂದಿನ ವರ್ಷವೂ ಅಲ್ಲೇ ಇರುತ್ತೆ."

ದಲಂದಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಖಮೈಸ್, ಚಾದರದ ಹೂವನ್ನ ಗಂಟು ಕಟ್ಟು. ಯಾರ್ಯಾರದು ಅಂತ ಉಮ್ಮಿಗೆ ಗೊತ್ತು. ಆಯಾ ಮನೆಗೆ ವಾಪಸು ಕೊಟ್ಟು ಬಾ. ಇವತ್ತೇ ಇಳಿಸಿಕೊಳ್ಳಿ ಅಂತ ಹೇಳು. ಎರಡು ಮನೇಲಿ ಅಜ್ಜಿಯರ ಕತ್ತಾರು ಅಟ್ಟದ ಮೇಲಿದೆ, ನಾನೇ ನೋಡಿದೀನಿ."

"ನಾನಾ? ಮನೆಮನೆಗೆ ಹೂ ಹೊತ್ಕೊಂಡು? ಜನ ಏನಂತಾರೆ?"

"ಕೇಳಿಸ್ಕೊಂಡು ಬಂದು ನನಗೂ ಹೇಳು. ನನಗೂ ಗೊತ್ತಾಗ್ಬೇಕು."

ಅವನು ಮುಂದೇನೋ ಹೇಳುತ್ತಿದ್ದ. ಅವಳು ಫೋನ್ ಆರಿಸಿದಳು. ಈ ಸಲ ಯಾವ ಕಾವಲುಗಾರನೂ ಕೈ ಚಾಚಿರಲಿಲ್ಲ.

ಕಡತದ ಮೇಲೆ ಬಿಳಿ ಹಾಳೆ ಇಟ್ಟು ಪೆನ್ನು ತೆಗೆದಳು. ಬರೆಯಲಿಲ್ಲ. ಬರೆದರೆ ಅದು ನಿಜವಾಗಿರಬೇಕು. ಕಾಗದದಲ್ಲಿ ಸುಳ್ಳು ಬರೆದು ಅವಳಿಗೆ ಅಭ್ಯಾಸವಿಲ್ಲ. ಓರ್ಸೊಲಾಳ ಅಡುಗೆಮನೆಯನ್ನು ಕಲ್ಪಿಸಿಕೊಂಡಳು. ತೊಟ್ಟಿಯಲ್ಲಿ ಎರಡು ಬಟ್ಟಲು. ತನ್ನದನ್ನು ತೊಳೆದು ಇನ್ನೊಂದನ್ನು ಬಿಟ್ಟು ಈಚೆ ಬರುವುದು. ಒಳಕೋಣೆಯಲ್ಲಿ ಮುದುಕಿ ಕೆಮ್ಮಿದಾಗ ಕುರ್ಚಿಯಲ್ಲೇ ಇರುವುದು. ಹಾಗೆ ಇರುವವರು ಹೇಗಿರುತ್ತಾರೆ? ಅವರ ಕೈ ಎಲ್ಲಿರುತ್ತದೆ? ಆ ಹೊತ್ತಿನಲ್ಲಿ ಏನು ಯೋಚಿಸುತ್ತಾರೆ? ಖಮೈಸ್‌ನನ್ನು ಕೇಳಬಹುದಿತ್ತು, ಆದರೆ ಅವನಿಗೆ ಅದು ಗಾಳಿ ಉಸಿರಾಡಿದ ಹಾಗೆ, ಹೇಳಲು ಬರುವುದಿಲ್ಲ.

ಅಂಗಳ ಒರೆಸುವ ಹೆಂಗಸೊಬ್ಬಳು ಬಕೆಟ್ ಎಳೆದುಕೊಂಡು ಬಂದು, "ಕಾಲು ಎತ್ತಮ್ಮ," ಎಂದಳು. ದಲಂದಾ ಕಾಲೆತ್ತಿದಳು. ಬೆಂಚಿನ ಮೇಲೆ ಯಾರೋ ಬಿಟ್ಟಿದ್ದ ಕಾಫಿಯ ಕಾಗದದ ಲೋಟಗಳಿದ್ದವು. ತಾನು ಅವನ್ನು ಒಂದರೊಳಗೊಂದು ಸೇರಿಸಿ ಆಗಲೇ ಕೈಯಲ್ಲಿ ಹಿಡಿದಿದ್ದೇನೆಂದು ಅವಳಿಗೆ ತಿಳಿದದ್ದು, ಆ ಹೆಂಗಸು ಚೀಲ ಚಾಚಿದಾಗ.

"ನನ್ನ ಕೆಲಸ ನನಗಿರಲಿ ಬಿಡು," ಎಂದಳು ಆ ಹೆಂಗಸು, ನಗುತ್ತ. "ಇದಕ್ಕೆ ನನಗೆ ಸಂಬಳ ಬರುತ್ತೆ."

ಅವಳು ಒರೆಸುತ್ತ ಆ ತುದಿಗೆ ಹೋದಳು. ದಲಂದಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಲ ಒಣಗುವವರೆಗೆ ಸುಮ್ಮನೆ ಕೂತು ನೋಡಿದಳು. ಸುಲಭವಾಗಿರಲಿಲ್ಲ. ಬೆರಳುಗಳು ಕಡತದ ಅಂಚನ್ನು ಸರಿಮಾಡುತ್ತಿದ್ದವು, ಕೋಟಿನ ನೂಲು ಕೀಳುತ್ತಿದ್ದವು. ಅವನ್ನು ಹಿಡಿದು ನಿಲ್ಲಿಸಿದಳು. ಮತ್ತೆ ಹೊರಟವು. ಮತ್ತೆ ನಿಲ್ಲಿಸಿದಳು. ಹೀಗೆ ಹದಿನೈದು ದಿನ.

ಎರಡಕ್ಕೆ ಇನ್ನೂ ಹೊತ್ತಿತ್ತು. ಬೀದಿಯಲ್ಲಿ ಲುವಾಜ್ ನಿಲ್ದಾಣದ ಕಡೆಗೆ ಹೋಗುವ ಟ್ಯಾಕ್ಸಿಯೊಂದು ಖಾಲಿಯಾಗಿ ನಿಧಾನಕ್ಕೆ ಬಂತು, ಹಾರನ್ ಹೊಡೆದು ಅವಳತ್ತ ನೋಡಿ, ಮುಂದೆ ಹೋಯಿತು.

ದಲಂದಾ ಪೆನ್ನು ಹಿಡಿದಳು. ಅಕ್ಷರ ದೊಡ್ಡದಾಗಿ, ಶಾಲೆಯಲ್ಲಿ ಕಲಿಸಿದ ಹಾಗೆ. ಮೊದಲು ತಂದೆಯ ಮನೆತನದೊಂದಿಗೆ ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಬರೆದಳು: ನಾನು ಅಲ್ಲಿದ್ದಷ್ಟು ದಿನ ಯಾರ ಮನೆಯ ಕೆಲಸವನ್ನೂ ಮಾಡುವುದಿಲ್ಲ. ಒಮ್ಮೆ ಓದಿದಳು. ಕೆಳಗೆ ರುಜು ಹಾಕಿ, ಎದ್ದು, ಇನ್ನೂ ಮುಚ್ಚಿದ್ದ ಬಾಗಿಲಿನ ಮುಂದೆ ಹೋಗಿ ಮೊದಲನೆಯವಳಾಗಿ ನಿಂತಳು.